ನೀರ ಸುರೀದನ ತೊಳೆದ ಗಾಡಿ

ರಾಣೇಬೆನ್ನೂರಿನ್ಯಾಗ ಕಾರಿಗೆ ಬಣ್ಣ ಹೊಡಿಯೂ ನಮ್ಮ ಶೆಡ್ಡಿಗೆ ಗಿರಾಕಿ ಬರಲಿ ಬಿಡಲಿ, ನಗೂ ಪ್ರಸಂಗಕ್ಕ ಮಾತ್ರ ಯಾವತ್ತೂ ಬರಗಾಲ ಇಲ್ಲ. ಮಿಸ್ಡ್ ಕಾಲ್ ಕೊಟ್ಟು ಕರಿಯೂ ಕಾಲ ಅದು. ಒಂದು ಚಳಿಗಾಲದಾಗ ನಮ್ಮ ಮಾವನ ಮಗ ಪುಣೆದಿಂದ ಗಾಡಿ ತೊಳಿಯೂ ಔಷಧದ್ದೊಂದು ಬಾಟಲಿ ತಂದುಕೊಟ್ಟ. ಬಕೆಟ್ ನೀರಿಗೆ ಅದರದೊಂದು ಮುಚ್ಚಳದಷ್ಟು ಹಾಕಿ, ಬಟ್ಟಿ ಅದ್ದಿ ಗಾಡಿ ಒರಸೂದು, ಒಣಾ ಬಟ್ಟಿಲೆ ತೇವ ತಗಿಯೂದು. ಮ್ಯಾಲ ನೀರ ಸುರಿಯಂಗಿಲ್ಲ. ಚಳಿಯೊಳಗ ಸುರಿದ ನೀರು ಲಗೂ ಆರೂದಿಲ್ಲ, ಸಂದಿಯೊಳಗ ಕುಂತು ಬಣ್ಣ ಹೊಡಿಯೂ ಹೊತ್ತಿಗೆ ಸರಿಯಾಗಿ ಇಳೀತೈತಿ. ಅದಕ್ಕ ನನಗ ಈ ಔಷಧ ಭಾಳ ಮನಸಿಗೆ ಬಂತು.

ನಮ್ಮ ಶೆಡ್ಡಿನ ಹಳೇ ಪೇಂಟರ್ ಉಸ್ತಾದ ಮಾತ್ರ, "ಇದು ತೊಳಿಯೂದಲ್ಲೋ, ಗಾಡಿನ್ನ ಪುಸಲಾಯಿಸೂದು" ಅಂದ.

ಅದ ವಾರ ಬ್ಯಾಡಗಿಯ ಮೆಣಸಿನಕಾಯಿ ಸಾವಕಾರರೊಬ್ಬರು ಬಣ್ಣಕ್ಕಂತ ಬಿಳಿ ಕಾರು ತಂದು ನಿಲ್ಲಿಸಿದ್ರು. "ಶುಕ್ರವಾರ ತೊಳೆದಿಡು, ನಾನ ಬಂದು ನೋಡ್ತೇನಿ. ಕೆಲಸ ಚಲೋ ಆದ್ರ ತಮ್ಮಂದಿರ ಮೂರೂ ಗಾಡಿ ನಿನಗ, ಇಲ್ಲಂದ್ರ ಹುಬ್ಬಳ್ಳಿಗೆ" ಅಂದ್ರು. ಮೂರು ಗಾಡಿ ಅಂದ್ರ ನಮ್ಮ ಇಡೀ ಚಳಿಗಾಲದ ಕೆಲಸ. ನನಗ ನಿದ್ದಿ ಹತ್ತಲಿಲ್ಲ.

೧. ಮಾಸ್ತರರ ಕೊಡ

ಅದಕ್ಕೂ ಮೊದಲ ಹಾವೇರಿಯ ಮಾಸ್ತರರ ಗಾಡಿ ಇತ್ತು. ನಾ ಒರಸಿ ಮುಗಿಸಿದೆ. ಅವರು, "ಜಳಕ ಅರ್ಧಾ ಆತಲ್ಲ" ಅಂತ ತಾವ ಎರಡು ಕೊಡ ನೀರ ಸುರಿದ್ರು. ಬಣ್ಣ ಹೊಡಿಯೂಮುಂದ ಬಾಗಲ ಸಂದಿಯಿಂದ ನೀರ ಇಳಿದು ಉದ್ದಕ ಒಂದು ಗೆರಿ ಬಿತ್ತು.

ಮಾಸ್ತರರು ಗೆರಿ ನೋಡಿ ತಲಿ ಅಲ್ಲಾಡಿಸಿದ್ರು. "ನಾ ಎರಡ ಕೊಡ ಹಾಕಿದ್ದಕ್ಕ ಇಷ್ಟರಾಗ ಉಳೀತು ನೋಡು."

೨. ಮನಿಯೊಳಗ

ಈ ಕಥಿ ಮನಿಯೊಳಗ ಹೇಳಿ ನಕ್ಕೆ. ಹೆಂಡತಿ ನಗಲಿಲ್ಲ. ತಾಟು ಮುಂದಿಟ್ಟು, "ಮುಂಜಾನೇದ ತಾಟು. ಒರಸೇನಿ, ನೀರ ಹಾಕಿಲ್ಲ. ಉಣ್ರಿ" ಅಂದ್ಲು.

ನಾ ಎದ್ದು ತಾಟು ತೊಳಕೊಂಡು ಬಂದೆ.

೩. ಸಾವಕಾರರ ಪರೀಕ್ಷೆ

ಶುಕ್ರವಾರ ಬಂತು. ಬಿಳಿ ಕಾರಿನ ಸಂದಿ ಸಂದಿಯೊಳಗ ಮೆಣಸಿನಕಾಯಿ ಕೆಂಪು ಧೂಳಿ. ಬಟ್ಟಿ ಬದಲಿಸಿ ಬದಲಿಸಿ ಒರಸಿದೆ. ಉಸ್ತಾದ ದೂರ ಕುಂತು ಸೀನಕೋತ ನೋಡಿದ.

ಸಾವಕಾರರು ಬಂದಕೂಡ್ಲೆ ಉಸ್ತಾದ ಖುಷಿಲೆ ಚಾಡಿ ಹೇಳಿದ: "ನೀರ ಸುರಿದೇ ಇಲ್ರಿ. ಒಂದ ಬಕೆಟ್‌ನ್ಯಾಗ ಮುಗಿಸ್ಯಾನ."

ಸಾವಕಾರರು ಗಾಡಿ ಕಡೆ ಹೋದ್ರು. ಮಾರ್ಕೆಟ್‌ನ್ಯಾಗ ಕಾಯಿ ಪರೀಕ್ಷೆ ಮಾಡ್ತಾರಲ್ಲ, ಹಂಗ ಬಾನೆಟ್ಟಿನ ಸಂದಿಯೊಳಗ ಬೆರಳಾಡಿಸಿ, ಮೂಸಿ, ನಾಲಿಗಿಗೆ ಹಚ್ಚಿ ಕಣ್ಣ ಮುಚ್ಚಿದ್ರು.

"ಖಾರ ಇಲ್ಲ. ಸ್ವಚ್ಛ ಐತಿ. ಹೊಡೀರಿ ಬಣ್ಣ."

ಉಸ್ತಾದ ಬಿಡಬೇಕಲ್ಲ. "ಸಾವಕಾರ್ರ, ನಿಮ್ಮ ಬ್ಯಾಡಗಿ ಕಾಯಿಗೆ ಖಾರ ಮೊದಲ ಕಡಿಮಿ, ಬಣ್ಣನ ಜಾಸ್ತಿ. ಖಾರ ನೋಡಿದ್ರ ಏನ್ ಗೊತ್ತಾಗತೈತ್ರಿ?"

ಮೂರೂ ಗಾಡಿ ಹುಬ್ಬಳ್ಳಿಗೆ ಹೋದ್ವು ಅಂತ ನಾ ನೆಲ ನೋಡಿದೆ. ಸಾವಕಾರರು ಉಸ್ತಾದನ ಮುಂದ ಹೋಗಿ ನಾಲಿಗಿ ಉದ್ದಕ ಚಾಚಿದ್ರು. ಮತ್ತ ಒಳಗ ತಗೊಂಡು, "ಬಣ್ಣ ಹತ್ತೇತೇನು, ಸರಿಯಾಗಿ ನೋಡು" ಅಂತ ಇನ್ನೊಮ್ಮೆ ಚಾಚಿದ್ರು.

ಉಸ್ತಾದ ಕನ್ನಡಕ ಹಾಕ್ಕೊಂಡು, ಬಗ್ಗಿ, ಎರಡೂ ಮಗ್ಗಲಿಂದ ನೋಡಿದ. "ಇಲ್ರಿ" ಅಂದ ಸಣ್ಣ ದನಿಲೆ.

ಮುಂದ ಮೂರೂ ಗಾಡಿ ನಮ್ಮ ಶೆಡ್ಡಿಗೇ ಬಂದ್ವು; ತೊಳೆದಿಟ್ಟಮ್ಯಾಲ ತಮ್ಮಂದಿರು ಒಬ್ಬೊಬ್ಬರಾಗಿ ನೋಡಾಕ ಬಂದ್ರು. ಅಣ್ಣ ಹೇಳಿ ಕಳಿಸಿದಂಗ ಎಲ್ಲಾರೂ ಬಾನೆಟ್ಟಿನ ರುಚಿ ನೋಡಿದ್ರು. ಮೂರನೆಯವರು ಇನ್ನೂ ಬೆರಳು ಬಾಯಿಂದ ತಗದಿರಲಿಲ್ಲ, ಉಸ್ತಾದ ಕನ್ನಡಕ ಹಾಕ್ಕೊಂಡು ಎದುರಿಗೆ ನಿಂತಿದ್ದ.

"ಹ್ಞಾಂ, ನಾಲಿಗಿ ತೋರಸ್ರಿ."