ಹಕ್ಕಿ ಲಾರಿ

ವೆಂಡೆಲ್ ಹೌಗೆನ್‌ಗೆ ಹೆಂಡತಿ ಮಾರ್ಲಿಸ್ ಕೊಟ್ಟಿದ್ದ ಗಡುವು ಆ ಶನಿವಾರ ಸಂಜೆಗೆ ಮುಗಿಯುತ್ತಿತ್ತು. ಅಷ್ಟರೊಳಗೆ ಒಂದೇ ಒಂದು ಚಿತ್ರ ಮಾರಿದರೆ ಗ್ಯಾರೇಜು ಅವನ ಚಿತ್ರಶಾಲೆಯಾಗಿ ಉಳಿಯುತ್ತದೆ. ಇಲ್ಲವಾದರೆ ಅವಳ ಕೌದಿ ಹೊಲಿಯುವ ಯಂತ್ರ ಅಲ್ಲಿಗೆ ಬರುತ್ತದೆ. ಮಾರ್ಲಿಸಳ ಕೌದಿಗಳು ಹೊಲಿಯುವ ಮೊದಲೇ ಖರ್ಚಾಗುತ್ತಿದ್ದವು. ವೆಂಡೆಲ್ ಬರೆದ ಲೂನ್ ಎಂಬ ನೀರುಹಕ್ಕಿಗಳು ಮಾತ್ರ ಹದಿನಾಲ್ಕು ವರ್ಷದಿಂದ ಗೋಡೆ ಬಿಟ್ಟು ಹಾರಿರಲಿಲ್ಲ.

ಜಾಹೀರಾತಿಗೆ ಕೈಯಲ್ಲಿ ಕಾಸಿಲ್ಲ. ಕೊಳ್ಳುವ ಶಕ್ತಿಯಿದ್ದವರೆಲ್ಲ ಕೆರೆ ದಂಡೆಯ ಬಂಗಲೆಗಳಲ್ಲಿ. ಆ ಗೇಟುಗಳೊಳಗೆ ಕಲಾವಿದನನ್ನು ಯಾರು ಬಿಡುತ್ತಾರೆ? ಬಿಡುವುದು ಪಕ್ಕದ ಮನೆಯ ಡ್ವೇನ್ ಸ್ಕೋಗ್‌ನನ್ನು. ಅವನು ಶೌಚದ ಟ್ಯಾಂಕು ಖಾಲಿ ಮಾಡುವವನು. ಅವನ ಲಾರಿ ಕಂಡರೆ ಎಂಥ ಶ್ರೀಮಂತನೂ ಓಡಿಬಂದು ಗೇಟು ತೆಗೆಯುತ್ತಾನೆ.

"ನಿನ್ನ ಲಾರಿ ಮೇಲೆ ಚಿತ್ರ ಬರೀತೀನಿ ಕಣೋ, ಬಿಟ್ಟಿ. ಕೆಳಗೆ ನನ್ನ ಫೋನ್ ನಂಬರ್ ಇರುತ್ತೆ, ಅಷ್ಟೆ," ಎಂದಿದ್ದ ವೆಂಡೆಲ್.

"ಬರಿ ಮಾರಾಯ. ಒಳಗಿರೋದಂತೂ ಯಾರೂ ನೋಡಲ್ಲ," ಎಂದ ಡ್ವೇನ್.

ಮೂರು ದಿನ ಕೂತು ವೆಂಡೆಲ್ ಲಾರಿಯ ತುಂಬ ಕೆರೆ, ಸೂರ್ಯಾಸ್ತ, ಜೋಡಿ ಲೂನ್ ಬರೆದ. ಹುರುಪಿನಲ್ಲಿ, ಲಾರಿ ಮೇಲೆ ಮೊದಲಿದ್ದ ಡ್ವೇನನ ನಂಬರು ಕೆರೆಯ ನೀರಿನಡಿ ಮುಳುಗಿ ವೆಂಡೆಲ್‌ನದೊಂದೇ ಉಳಿಯಿತು. ಶನಿವಾರ ಬೆಳಗ್ಗೆ ಲಾರಿ ಹೊರಟಿತು. ಲೇಬರ್ ಡೇಯ ಮೂರು ದಿನದ ರಜೆ, ಬಂಗಲೆಗಳ ತುಂಬ ನೆಂಟರು.

ಎಂಟೂವರೆಗೆ ಫೋನ್ ಬಡಿದುಕೊಂಡಿತು.

"ಆ ಹಕ್ಕಿ ಲಾರಿಯವರಾ?"

ವೆಂಡೆಲ್‌ನ ಎದೆಯುಬ್ಬಿತು. "ಹೌದು, ಹೇಳಿ."

"ಮನೇಲಿ ಒಂಬತ್ತು ಜನ ನೆಂಟರಿದ್ದಾರೆ. ಟ್ಯಾಂಕು ಉಕ್ಕಿ ಅಂಗಳಕ್ಕೆ ಬಂದಿದೆ. ಬೇಗ ಬನ್ನಿಯಪ್ಪ."

ಬೇರೆ ಯಾರಾದರೂ ಆಗಿದ್ದರೆ ರಾಂಗ್ ನಂಬರ್ ಎಂದು ಇಡುತ್ತಿದ್ದರು. ನಮ್ಮ ಮಿನೆಸೋಟದವರ ಬಾಯಲ್ಲಿ ಆ ಮಾತು ಹೊರಡುವುದಿಲ್ಲ. ಹಲ್ಲುನೋವಿದ್ದರೂ ಪರವಾಗಿಲ್ಲ ಎನ್ನುವ ಜನ. ಅದೂ ಅಲ್ಲದೆ, ಒಳಗೆ ಹೋಗಲು ಸಿಕ್ಕರೆ ಕಂಕುಳಲ್ಲಿ ಒಂದು ಚಿತ್ರವನ್ನೂ ಒಯ್ಯಬಹುದಲ್ಲ ಎಂದು ವೆಂಡೆಲ್ ವಿಳಾಸ ಬರೆದುಕೊಂಡ.

ಮಧ್ಯಾಹ್ನದ ಹೊತ್ತಿಗೆ ಹತ್ತು ವಿಳಾಸವಾದವು. ಡ್ವೇನ್‌ಗೆ ಫೋನ್ ಮಾಡಿದರೆ ಪಂಪಿನ ಸದ್ದಿನಲ್ಲಿ ಅವನಿಗೆ ಕೇಳಿಸಲೇ ಇಲ್ಲ.

"ಚಿತ್ರ ಎಷ್ಟು ಹೋಯ್ತು?" ಮಾರ್ಲಿಸ್ ಅಳತೆ ಟೇಪು ಹಿಡಿದು ಗ್ಯಾರೇಜಿನಲ್ಲಿ ಓಡಾಡುತ್ತಿದ್ದಳು.

"ಗಿರಾಕಿಗಳು ಕುದುರ್ತಿದ್ದಾರೆ ಕಣೆ."

"ಅಲ್ಲಾ ರೀ, ಆಗಲೇ ಒಬ್ಬರನ್ನ ಟ್ಯಾಂಕಿನ ಮುಚ್ಚಳ ಎಲ್ಲಿದೆ ಅಂತ ಕೇಳ್ತಿದ್ರಲ್ಲ?"

ಅಷ್ಟರಲ್ಲಿ ಮತ್ತೆ ಫೋನ್. ಮೆತ್ತನೆ ದನಿಯ ಗಂಡಸು. "ಲಾರಿ ಮೇಲೆ ಹಕ್ಕಿಗಳಿದ್ದಾವಲ್ಲ, ಅದರ ವಿಷಯ..."

"ಗೊತ್ತು ಗೊತ್ತು," ಎಂದ ವೆಂಡೆಲ್, ಪೆನ್ಸಿಲ್ ನಾಲಿಗೆಗೆ ತಾಗಿಸುತ್ತ. "ಮುಚ್ಚಳದ ಮೇಲಿನ ಮಣ್ಣು ತೆಗೆದಿಡಿ, ಕಿಟಕಿ ಹಾಕ್ಕೊಳ್ಳಿ. ನೆಂಟರೆಷ್ಟು?"

ಆತ ಫೋನ್ ಇಟ್ಟುಬಿಟ್ಟ. ಪಾಪ, ನಾಚಿಕೆ ಸ್ವಭಾವದವನಿರಬೇಕು ಎಂದುಕೊಂಡ ವೆಂಡೆಲ್.

ಐದು ಗಂಟೆಗೆ ಡ್ವೇನ್ ನಡೆದುಕೊಂಡು ಬಂದ. ಮುಖ ಅರಳಿತ್ತು, ಲಾರಿ ಇರಲಿಲ್ಲ.

"ಲಾರಿ ಎಲ್ಲೋ?"

"ಮಾರ್ಬಿಟ್ಟೆ. ಕೆರೆ ಹತ್ರ ಒಬ್ಬ ಸಾಹೇಬ, ಚಿತ್ರ ಸಂಗ್ರಹ ಮಾಡ್ತಾನಂತೆ. ಲಾರಿ ಸಮೇತ ಬೇಕು ಅಂದ. ಮನೆ ಮುಂದೆ ಹುಲ್ಲುಹಾಸಿನ ಮೇಲೆ ನಿಲ್ಲಿಸ್ಕೊಂಡಿದ್ದಾನೆ."

"ಬರೆದೋನು ನಾನು ಅಂತ ಹೇಳ್ಲಿಲ್ವೇನೋ?"

"ಹೇಳದೆ ಇರ್ತೀನಾ? ಮೊದಲು ನಿಂಗೇ ಫೋನ್ ಮಾಡ್ದನಂತೆ. ಕಿಟಕಿ ಹಾಕ್ಕೊ ಅಂದ್ಯಂತೆ."

ವೆಂಡೆಲ್‌ಗೆ ಅಳುವೇ ಬಂತು. ಆದರೂ ಸಾವರಿಸಿಕೊಂಡು ಹೆಂಡತಿಯತ್ತ ತಿರುಗಿದ. "ನನ್ನ ಚಿತ್ರ ಹೋಯ್ತು ತಾನೆ? ಗ್ಯಾರೇಜು ನಂದು."

"ಮಾರಿದ್ದು ಡ್ವೇನು," ಎಂದಳು ಮಾರ್ಲಿಸ್, ಯಂತ್ರವನ್ನು ಒಳಕ್ಕೆ ತಳ್ಳುತ್ತ. "ಡ್ವೇನ್, ಆ ಕಡೆ ಸ್ವಲ್ಪ ಹಿಡ್ಕೋ."

"ಇನ್ನೊಂದು ಬೇಕಂತೆ ಕಣೋ ಅವನಿಗೆ," ಎಂದ ಡ್ವೇನ್, ಹಿಡಿದುಕೊಳ್ಳುತ್ತ. "ಹೊಸ ಲಾರಿ ಆಗಲ್ವಂತೆ. ಇಪ್ಪತ್ತು ವರ್ಷ ಓಡಿದ್ದೇ ಆಗ್ಬೇಕಂತೆ."

ಹತ್ತು ವಿಳಾಸದ ಚೀಟಿ ಹಿಡಿದು ವೆಂಡೆಲ್ ಅಂಗಳದಲ್ಲಿ ನಿಂತಿದ್ದ. ಜೇಬಿನಲ್ಲಿ ಫೋನ್ ಬಡಿದುಕೊಂಡಿತು.

"ಆ ಹಕ್ಕಿ ಲಾರಿಯವರಾ?"

ಇಲ್ಲ ಎನ್ನಲು ಬಾಯಿ ತೆರೆದ. ಆಗಲಿಲ್ಲ.

"ಹೌದು, ಹೇಳಿ," ಎಂದ. "ನೆಂಟರೆಷ್ಟು?"