ಪಿತ್ರಾರ್ಜಿತ ಸಿಟ್ಟು

ತಪ್ಪು ಮಾಡುವವನಿಗೆ ಬೆನ್ನಿಗೊಬ್ಬ ಪೂರ್ವಜ ಇರಬೇಕು. ನನಗೆ ಆ ಅನುಕೂಲ ಹುಟ್ಟಿನಿಂದಲೇ ಇತ್ತು. ಶಿಕಾರಿಪುರದ ನಮ್ಮ ಬಟ್ಟೆ ಅಂಗಡಿಯ ಗೋಡೆಯ ಮೇಲೆ ಮುತ್ತಜ್ಜನ ಫೋಟೋ ಇದೆ. ಸಾರಿಗೆ ಉಪ್ಪು ಕಡಿಮೆಯಾಯಿತೆಂದು ಪಾತ್ರೆಯನ್ನೇ ಅಂಜನಾಪುರದ ಕಾಲುವೆಗೆ ಎಸೆದ ಮಹಾನುಭಾವ. ನಾನು ಯಾರ ಮೇಲೆ ಹಾರಾಡಿದರೂ ಜನ ಆ ಫೋಟೋ ನೋಡಿ, "ರಕ್ತ ಎಲ್ಲಿ ಹೋಗ್ತದ್ರೀ" ಎಂದು ಸುಮ್ಮನಾಗುತ್ತಿದ್ದರು. ಈಚೆಗೆ ಮೊಬೈಲಿನಲ್ಲಿ ಜೀನುಗಳ ಬಗ್ಗೆ ಒಂದು ವಿಡಿಯೊ ನೋಡಿದ ಮೇಲಂತೂ ವಿಜ್ಞಾನವೂ ನನ್ನ ಪಕ್ಷ ಸೇರಿತು. ಅರ್ಥವಾದದ್ದು ಅರ್ಧವೇ, ಆದರೆ ಅನುಕೂಲವಾದ ಅರ್ಧ.

ಹೀಗಿರುವಾಗ ಸೊರಬದಲ್ಲಿರುವ ತಂಗಿ ಶೈಲಾಳ ಮಗಳಿಗೆ ಮದುವೆ ಗೊತ್ತಾಯಿತು. ಲಗ್ನಪತ್ರಿಕೆಯಲ್ಲಿ ಸೋದರಮಾವನಾದ ನನ್ನ ಹೆಸರು ನಾಲ್ಕನೆಯದಾಗಿತ್ತು. ಬೀಗರೆದುರೇ ಅದನ್ನು ಹರಿದು ಹಾಕಿ ಎದ್ದು ಬಂದೆ. ಮರುದಿನ ತಂಗಿ ಫೋನ್ ಮಾಡಿ, "ನೀನು ಮದುವೆಗೆ ಬರೋದೇ ಬೇಡ" ಎಂದಳು. ನಾನು ಎತ್ತಿ ಆಡಿಸಿದ ಹುಡುಗಿಯ ಮದುವೆ! ಮೊದಲ ಬಸ್ಸಿಗೇ ಸೊರಬಕ್ಕೆ ಹೊರಟೆ.

ದಾರಿಯುದ್ದಕ್ಕೂ "ತಪ್ಪಾಯ್ತು" ಎಂದು ಉರು ಹೊಡೆದಿದ್ದರೂ ಅವಳ ಮುಖ ಕಂಡೊಡನೆ ಬಾಯಿಂದ ಬಂದದ್ದು ಜೀನು. "ಮನುಷ್ಯ ಏನು ಮಾಡ್ತಾನಮ್ಮ? ಜೀನು ಕುಣಿಸಿದ ಹಾಗೆ ಕುಣೀತಾನೆ. ಹರಿದಿದ್ದು ನಾನಲ್ಲ, ಮುತ್ತಜ್ಜ."

"ತೆರಿಗೆ ಸಾಹೇಬರು ಅಂಗಡಿಗೆ ಬಂದಾಗ ಕೈ ಕಟ್ಕೊಂಡು ನಿಲ್ತೀಯಲ್ಲ, ಆಗ ಮುತ್ತಜ್ಜ ಎಲ್ಲಿಗೆ ಹೋಗಿರ್ತಾನೆ?" ಎಂದಳು ಶೈಲಾ.

ಅಷ್ಟರಲ್ಲಿ ಒಳಗಿನಿಂದ ನಮ್ಮ ಸೋದರತ್ತೆ ಬಂದರು. ಅವರ ಮಗನಿಗೇ ಶೈಲಾಳನ್ನು ಕೊಟ್ಟಿರುವುದು. "ಯಾವ ಮುತ್ತಜ್ಜನೋ? ಅವರಿಗೆ ಮಕ್ಕಳೆಲ್ಲಿದ್ರು? ನಮ್ಮಪ್ಪನ್ನ, ಅಂದ್ರೆ ನಿಮ್ಮಜ್ಜನ್ನ, ತಾಳಗುಂದದಿಂದ ದತ್ತು ತಂದಿದ್ದು. ಯಾರೂ ಆ ಮಾತು ಆಡಬಾರದು ಅಂತ ಮುದುಕರ ಕಟ್ಟಪ್ಪಣೆ ಇತ್ತು, ಅಷ್ಟೇ."

ನಾನು ಕುರ್ಚಿ ಹುಡುಕಿ ಕೂತೆ. "ಹಾಗಾದ್ರೆ ತಾಳಗುಂದದವರು ಸಿಟ್ಟಿನವರಾ ಅತ್ತೆ?" ಎಂದು ಆಸೆಯಿಂದ ಕೇಳಿದೆ.

"ಎಮ್ಮೆ ಒದ್ದರೆ ಅದರ ಕಾಲಿಗೆ ನೋವಾಯ್ತೇನೋ ಅಂತ ಸವರೋರು!"

ಪಿತ್ರಾರ್ಜಿತವೆಂದು ಇಷ್ಟು ವರ್ಷ ಅನುಭವಿಸಿದ ಸಿಟ್ಟು ಒಂದೇ ಮಾತಿಗೆ ಸ್ವಯಾರ್ಜಿತವಾಗಿಹೋಯಿತು. ಪಾಲು ಹಂಚಲು ಒಬ್ಬರೂ ಇಲ್ಲ. "ತಪ್ಪಾಯ್ತು ಶೈಲಾ. ಹರಿದಿದ್ದು ನಾನೇ" ಎಂದೆ. ಅವಳು ಕಣ್ಣೊರೆಸಿಕೊಂಡು ಇನ್ನೊಂದು ಪತ್ರಿಕೆ ತಂದು ಕೈಗಿಟ್ಟಳು. ಹೆಸರು ಅದರಲ್ಲೂ ನಾಲ್ಕನೆಯದೇ. ಎರಡೂ ಕೈಯಲ್ಲಿ ಹಿಡಿದು ಇನ್ನೊಮ್ಮೆ ಓದಿದೆ. ಮೆಲ್ಲಗೆ ಮಡಿಸಿ ಜೇಬಿಗಿಟ್ಟುಕೊಂಡೆ. ಹರಿಯದೇ ಇರುವುದೂ ನನ್ನ ಕೈಯಲ್ಲೇ ಇದೆ ಎಂದು ಐವತ್ತೆಂಟನೆಯ ವಯಸ್ಸಿನಲ್ಲಿ ತಿಳಿಯಿತು.

ಮದುವೆ ಚೆನ್ನಾಗಿ ನಡೆಯಿತು. ಅಂಗಡಿಯ ಫೋಟೋ ಇಳಿಸಲಿಲ್ಲ. ನಮ್ಮಜ್ಜನನ್ನು ಸಾಕಿದ ಋಣವಿದೆ. ಆದರೆ ಮೊನ್ನೆಯಿಂದ, ತಾಯಿಯ ಕಡೆಯವರಲ್ಲಿ ಯಾರಾದರೂ ಸಿಟ್ಟಿನವರಿದ್ದರೇ ಎಂದು ನೆಂಟರಿಷ್ಟರನ್ನು ವಿಚಾರಿಸುತ್ತಿದ್ದೇನೆ.