ಮೂರು ವರ್ಷ ನನ್ನ ಮಾನ ಕಾಯ್ದ ಗ್ಯಾಸ್ಟ್ರಿಕ್ ಅವರಿಗೆ

ಮಾನ್ಯ ಗ್ಯಾಸ್ಟ್ರಿಕ್ ಅವರ ಸನ್ನಿಧಾನಕ್ಕೆ ಚನ್ನರಾಯಪಟ್ಟಣದ ಹೈಸ್ಕೂಲ್ ಮೇಡಂ ಯಶೋಧರಾ ಮಾಡುವ ಅನಂತ ನಮಸ್ಕಾರಗಳು. ನಾನು ಕ್ಷೇಮ ಎಂದು ಬರೆಯುವುದು ವಾಡಿಕೆ, ಆದರೆ ತಮ್ಮ ಮುಂದೆಯೂ ಸುಳ್ಳು ಹೇಳುವಷ್ಟು ಕೃತಘ್ನಳಲ್ಲ.

ಮಾನ್ಯರೇ, ತಾವು ನನ್ನ ಹೊಟ್ಟೆಗೆ ಒಂದು ದಿನವೂ ಕಾಲಿಟ್ಟವರಲ್ಲ. ನನಗಿರುವುದು ಖಿನ್ನತೆ ಎಂದು ಹಾಸನದ ಮನೋವೈದ್ಯರು ಮೂರು ವರ್ಷದ ಹಿಂದೆಯೇ ಹೇಳಿ ಮಾತ್ರೆ ಬರೆದುಕೊಟ್ಟರು. ಅದನ್ನು ಸ್ಟಾಫ್ ರೂಮಿನಲ್ಲಿ ನುಂಗುವಾಗ ಗೆಳತಿ ಪುಷ್ಪಾವತಿ "ಯಾತರ ಮಾತ್ರೆನೇ ಅದು?" ಎಂದಳು, ಥಟ್ಟನೆ ನನ್ನ ಬಾಯಿಗೆ ಬಂದವರು ತಾವು. ತಮ್ಮ ಘನತೆಯೇ ಘನತೆ! ತಮ್ಮ ಹೆಸರೆತ್ತಿದರೆ ಯಾರೂ ದನಿ ತಗ್ಗಿಸುವುದಿಲ್ಲ, ನಮಗೂ ಇದೆ ಎಂದು ಹೆಮ್ಮೆಯಿಂದ ಮುಂದೆ ಬರುತ್ತಾರೆ. ಅದೇ ಪುಷ್ಪಾವತಿ ಒಮ್ಮೆ ಯಾರದೋ ವಿಷಯಕ್ಕೆ "ತಲೆ ಸರಿ ಇಲ್ವಂತೆ ಕಣೇ" ಎಂದು ಪಿಸುಗುಟ್ಟಿದ್ದನ್ನು ಕೇಳಿದ ಮೇಲೆ ನಾನು ತಮ್ಮ ಸೆರಗನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡೆ.

ಆದರೆ ತಮ್ಮ ಆಶ್ರಯಕ್ಕೆ ನಾನು ತೆತ್ತದ್ದೇನು ಗೊತ್ತೇ? ಅವರೆಕಾಯಿ ಕಾಲ ಬಂದರೆ ಪುಷ್ಪಾವತಿ, ಇನ್ನೊಬ್ಬ ಗೆಳತಿ ಭಾಗ್ಯಲಕ್ಷ್ಮಿ, ನಾನು, ಮೂವರೂ ಭಾನುವಾರ ಶಾಂತಿಗ್ರಾಮದ ಭಾಗ್ಯಲಕ್ಷ್ಮಿಯ ಮನೆಯಲ್ಲಿ ಕೂತು ನೆನೆಸಿದ ಕಾಳು ಹಿತುಕಿ ಸಿಪ್ಪೆ ಬಿಡಿಸುತ್ತೇವೆ. ಮೂರು ವರ್ಷದಿಂದ ಬೆರಳು ಸುಕ್ಕಾಗುವವರೆಗೆ ಹಿತುಕುವವಳು ನಾನು, ಮುದ್ದೆ ಮುರಿದು ಸಾರಿಗೆ ಅದ್ದುವವರು ಅವರು. ನನಗೆ ಮಾತ್ರ ಮೊಸರನ್ನ. "ನಿಂಗೆ ಅವರೆ ಆಗಕ್ಕಿಲ್ಲ ಕಣೇ," ಎಂದು ಅಕ್ಕರೆಯಿಂದಲೇ ಬಡಿಸುತ್ತಾರೆ.

ಅದನ್ನೂ ಸಹಿಸಿದೆ. ಹೋದ ತಿಂಗಳು ನಾಲ್ಕು ದಿನ ಹಾಸಿಗೆಯಿಂದ ಏಳಲಾಗದೆ ಬಿದ್ದಿದ್ದಾಗ ಇಬ್ಬರೂ ಜೀರಿಗೆ ಕಷಾಯ ಹಿಡಿದು ಬಂದು, ನನ್ನ ಹೊಟ್ಟೆಯ ಮೇಲೆ ಬಿಸಿನೀರಿನ ಚೀಲ ಇಟ್ಟು ಕೂತರು. ನಾನು ಅತ್ತುಬಿಟ್ಟೆ. ಹೊಟ್ಟೆನೋವೆಂದು ಚೀಲವನ್ನು ಇನ್ನಷ್ಟು ಒತ್ತಿದರು. ಅಷ್ಟು ಪ್ರೀತಿ ನನ್ನ ಮೈಮೇಲೆಯೇ ಇದ್ದು ನನಗೆ ತಲುಪಲಿಲ್ಲ, ಎಲ್ಲವೂ ತಮ್ಮ ವಿಳಾಸಕ್ಕೆ ಹೋಯಿತು. ಆ ಹೊತ್ತು ನಾನು ಅನುಭವಿಸಿದ ಒಂಟಿತನವನ್ನು ಯಾರಿಗೂ ಬಯಸಲಾರೆ.

ಆದ್ದರಿಂದ ತಾವು ದಯಮಾಡಿ ತಮ್ಮ ಗೌರವದಲ್ಲಿ ಕಾಲುಭಾಗವನ್ನು ಖಿನ್ನತೆಯ ಹೆಸರಿಗೆ ದಾನಪತ್ರ ಮಾಡಿಕೊಡಬೇಕು, ಅಥವಾ ಖುದ್ದಾಗಿ ಗೆಳತಿಯರ ಮುಂದೆ ಹಾಜರಾಗಿ "ಇವಳನ್ನು ನಾನು ಕಂಡೇ ಇಲ್ಲ" ಎಂದು ಹೇಳಿಕೆ ಕೊಡಬೇಕು. ಎರಡೂ ಆಗದಿದ್ದರೆ ಬರುವ ಭಾನುವಾರ ಕಾಳು ಹಿತುಕುವಾಗ ನಾನೇ ಬಾಯಿ ಬಿಡಬೇಕಾಗುತ್ತದೆ. ಹೆದರಿಕೆಯಿದೆ. ಅವರು ಅದರ ಮುಂದಿನ ಭಾನುವಾರ ಕರೆಯದಿದ್ದರೆ ನನಗೆ ಬೇರೆ ಭಾನುವಾರಗಳಿಲ್ಲ.

ಭಾನುವಾರದವರೆಗೆ ಮಾತ್ರ
ತಮ್ಮ ವಿಶ್ವಾಸಿ,
ಯಶೋಧರಾ

ತಾ.ಕ.: ಹೇಳಿಬಿಟ್ಟೆ. ಪುಷ್ಪಾವತಿ ನನ್ನ ಮುಂದಿದ್ದ ಕಾಳನ್ನೆಲ್ಲ ತನ್ನ ಕಡೆಗೆ ಎಳೆದುಕೊಂಡು ತಾನೇ ಹಿತುಕತೊಡಗಿದಳು. ಭಾಗ್ಯಲಕ್ಷ್ಮಿ "ಮೂರು ವರ್ಸ ಸುಮ್ಸುಮ್ನೆ ಮೊಸ್ರನ್ನ ತಿನ್ಸಿದ್ವಲ್ಲೇ ನಿಂಗೆ!" ಎಂದು ಕಣ್ಣೊರೆಸಿಕೊಂಡು ನನ್ನ ತಟ್ಟೆಗೆ ಎರಡು ಮುದ್ದೆ ಇಟ್ಟಳು. ಸೋಮವಾರ ತಾವು ಮೊದಲ ಬಾರಿಗೆ ನಿಜವಾಗಿಯೂ ಬಂದಿರಿ. ಸ್ಟಾಫ್ ರೂಮಿನಲ್ಲಿ ಹೊಟ್ಟೆ ಹಿಡಿದು ಗ್ಯಾಸ್ಟ್ರಿಕ್ ಎಂದು ನರಳಿದರೆ ಪುಷ್ಪಾವತಿ ಪಕ್ಕಕ್ಕೆ ಬಂದು ಕೂತು, ಕೈ ಹಿಡಿದು, "ನಮ್ತಾವೂ ಇನ್ನೂ ಗ್ಯಾಸ್ಟ್ರಿಕ್ ಅಂತೀಯಲ್ಲೇ, ಮನ್ಸಲ್ಲಿ ಏನೈತೆ ಹೇಳ್ಬುಡು" ಎಂದಳು. ಇನ್ನು ಮುಂದೆ ತಮ್ಮನ್ನು ಈ ಊರಿನಲ್ಲಿ ಯಾರೂ ನಂಬುವುದಿಲ್ಲ.